ಹಕ್ಕಿದ್ದೂ ಬಿಟ್ಟುಕೊಡುವುದು: ಕ್ರೈಸ್ತ ನಂಬಿಕೆಯಲ್ಲಿ ಸ್ವಾತಂತ್ರ್ಯ ಅಂದರೆ ಏನು?

ಧರ್ಮ ಅಂದರೆ 'ಅದು ಮಾಡಬೇಡ, ಇದು ಮುಟ್ಟಬೇಡ' ಅನ್ನುವ ಪಟ್ಟಿ. ಪಟ್ಟಿ ಉದ್ದವಾದಷ್ಟೂ ಭಕ್ತಿ ಜಾಸ್ತಿ. ಹೊರಗಿನಿಂದ ನೋಡುವವರಲ್ಲಿ ತುಂಬಾ ಜನ ಹೀಗೆ ಅಂದುಕೊಳ್ಳುತ್ತಾರೆ. ಒಳಗಿದ್ದು ದೇವರನ್ನು ನಂಬುವವರಲ್ಲೂ ಹಾಗೆ ಅಂದುಕೊಂಡವರು ಕಡಿಮೆ ಏನಿಲ್ಲ. ಆದರೆ ಕ್ರೈಸ್ತ ಧರ್ಮದ ತೀರಾ ಹಳೆಯ ಬರಹಗಳಲ್ಲಿ ಒಂದಾದ, ಯೇಸುವಿನ ಸಂದೇಶ ಸಾರುತ್ತಾ ಊರೂರು ತಿರುಗಿದ ಪೌಲ ಗಲಾತ್ಯದವರಿಗೆ (ಈಗಿನ ಟರ್ಕಿಯ ಒಂದು ಭಾಗದ ಕ್ರೈಸ್ತರಿಗೆ) ಬರೆದ ಪತ್ರವನ್ನು ಓದಿ ನೋಡಿ. ಅಲ್ಲಿ ಜಗಳ ನಡೆಯುತ್ತಿರುವುದೇ ಪಟ್ಟಿಯ ವಿರುದ್ಧ.

ಕ್ರಿ.ಶ. 50ರ ಆಚೀಚಿನ ಮಾತು. ಯೇಸುವಿನ ಮೊದಲ ಶಿಷ್ಯರೆಲ್ಲ ಯೆಹೂದಿಗಳು. ಸ್ವಲ್ಪ ಕಾಲದಲ್ಲೇ ಯೆಹೂದಿಗಳಲ್ಲದವರೂ ಸೇರತೊಡಗಿದರು. ಆಗ ಪ್ರಶ್ನೆ ಎದ್ದಿತು: ಹೊಸಬರು ಸುನ್ನತಿ ಮಾಡಿಸಿಕೊಳ್ಳಬೇಕಾ? ಮೋಶೆಯ ಧರ್ಮಶಾಸ್ತ್ರವನ್ನೆಲ್ಲ, ಅಂದರೆ ಯೆಹೂದಿಗಳ ಕಟ್ಟಳೆಗಳನ್ನೆಲ್ಲ, ಪಾಲಿಸಬೇಕಾ? ಬೇಕೇ ಬೇಕು ಅಂದವರು ಇದ್ದರು. ಪೌಲ ಒಪ್ಪಲಿಲ್ಲ. ಸುನ್ನತಿಯನ್ನು ಕಡ್ಡಾಯ ಅಂತ ಒಪ್ಪಿಕೊಂಡರೆ ಇಡೀ ಶಾಸ್ತ್ರದ ಸಾಲ ನಿಮ್ಮ ತಲೆ ಮೇಲೆ ಬರುತ್ತದೆ, ಕ್ರಿಸ್ತ ಬಿಡಿಸಿದ್ದಕ್ಕೆ ಅರ್ಥವೇ ಉಳಿಯುವುದಿಲ್ಲ ಅನ್ನುವುದು ಅವನ ವಾದ. ಅವನಿಗೆ ಬಂದ ಸಿಟ್ಟು ಎಷ್ಟಿತ್ತು ಅಂದರೆ, ಸುನ್ನತಿ ಮಾಡಿಸಿ ಅಂತ ಪೀಡಿಸುವವರು ತಮ್ಮದನ್ನು ಪೂರ್ತಿಯಾಗಿಯೇ ಕತ್ತರಿಸಿಕೊಳ್ಳಲಿ ಅಂತ ಐದನೇ ಅಧ್ಯಾಯದಲ್ಲಿ ಬರೆದುಬಿಟ್ಟ. (ಈ ಸಾಲಿನ ಮೇಲೆ ಪ್ರಸಂಗ ಮಾಡಲು ಯಾವ ಬೋಧಕರಿಗೂ ಮನಸ್ಸು ಬರಲಿಕ್ಕಿಲ್ಲ.)

ಸರಿ, ಪಟ್ಟಿ ಹರಿದುಹಾಕಿದ್ದಾಯಿತು. ಇನ್ನು ಏನು ಬೇಕಾದರೂ ಮಾಡಬಹುದಾ? ಈ ಪ್ರಶ್ನೆ ಪೌಲನ ಕಾಲದಲ್ಲೇ ಬಂದಿತ್ತು. ದೇವರ ಕೃಪೆ ಉಚಿತವಾದರೆ ಪಾಪ ಮಾಡಿದಷ್ಟೂ ಕೃಪೆ ಹೆಚ್ಚುತ್ತದಲ್ಲ ಅಂತ ಕೆಣಕಿದವರಿದ್ದರು. ಅವನ ಉತ್ತರ ಅದೇ ಐದನೇ ಅಧ್ಯಾಯದಲ್ಲಿದೆ: ನಿಮ್ಮನ್ನು ಕರೆದಿರುವುದು ಸ್ವತಂತ್ರರಾಗಿರಲಿಕ್ಕೆ, ಆದರೆ ಆ ಸ್ವಾತಂತ್ರ್ಯ ನಿಮ್ಮ ಆಸೆಗಳಿಗೆ ನೆಪವಾಗದಿರಲಿ, ಪ್ರೀತಿಯಿಂದ ಒಬ್ಬರಿಗೊಬ್ಬರು ಸೇವೆ ಮಾಡಿ. ಸೇವೆ ಅನ್ನುವ ಕಡೆ ಅವನು ಬಳಸಿದ್ದು ಗುಲಾಮರು ಮಾಡುವ ಊಳಿಗಕ್ಕೆ ಹೇಳುವ ಮಾತನ್ನೇ. ಒಂದೇ ಉಸಿರಿನಲ್ಲಿ ಸ್ವತಂತ್ರರೂ ಹೌದು, ಒಬ್ಬರಿಗೊಬ್ಬರು ಆಳುಗಳೂ ಹೌದು. ಎರಡು ಸಾವಿರ ವರ್ಷಗಳಿಂದ ಕ್ರೈಸ್ತರು ಬಿಡಿಸುತ್ತಾ ಬಂದಿರುವುದು, ಎಷ್ಟೋ ಸಲ ಇನ್ನಷ್ಟು ಗೋಜಲು ಮಾಡುತ್ತಾ ಬಂದಿರುವುದು, ಈ ಗಂಟನ್ನೇ.

ಈಗ ನಾವು ಸ್ವಾತಂತ್ರ್ಯ ಅಂದಾಗ ಸಾಮಾನ್ಯವಾಗಿ ಯಾರೂ ನಮ್ಮನ್ನು ತಡೆಯದಿರುವುದು ಅಂತ ಅರ್ಥ ಮಾಡಿಕೊಳ್ಳುತ್ತೇವೆ. ಇದು ತಪ್ಪಲ್ಲ, ಆದರೆ ಇಷ್ಟಕ್ಕೇ ಮುಗಿಯುವುದಿಲ್ಲ. ಒಬ್ಬ ಅಪ್ಪ ದಿನಾ ಬೆಳಿಗ್ಗೆ ಇವತ್ತು ಮಕ್ಕಳ ಮೇಲೆ ಕೂಗಾಡುವುದಿಲ್ಲ ಅಂತ ನಿಶ್ಚಯ ಮಾಡುತ್ತಾನೆ. ಸಂಜೆ ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಕೂಗಾಡುತ್ತಾನೆ. ಅವನಿಗೆ ಕೂಗು ಅಂದವರು ಯಾರೂ ಇಲ್ಲ, ಸುಮ್ಮನಿರುವುದನ್ನು ತಡೆಯುವ ಕಾನೂನೂ ಇಲ್ಲ. ಆದರೂ ತಾನು ಮಾಡಬೇಕು ಅಂದುಕೊಂಡದ್ದನ್ನು ಮಾಡಲು ಅವನಿಂದ ಆಗುತ್ತಿಲ್ಲ. ಅವನು ಸ್ವತಂತ್ರನಾ? ರೋಮಾಪುರದವರಿಗೆ ಬರೆದ ಪತ್ರದ ಏಳನೇ ಅಧ್ಯಾಯದಲ್ಲಿ ಪೌಲ ಹೇಳಿಕೊಳ್ಳುವುದು ಇದೇ ಸಂಕಟವನ್ನು: ಮಾಡಬೇಕೆಂದಿರುವ ಒಳ್ಳೆಯದನ್ನು ಮಾಡಲಾರೆ, ಬೇಡವಾದ ಕೆಟ್ಟದ್ದನ್ನೇ ಮಾಡುತ್ತೇನೆ. ಮುಂದೆ ನಾಲ್ಕು-ಐದನೇ ಶತಮಾನದ ಬಿಷಪ್ ಆಗಸ್ಟೀನ್ ಇದನ್ನೇ ಹಿಡಿದು, ಬೇರೆ ಯಾರೋ ಹಾಕಿದ ಸಂಕೋಲೆಗಿಂತ ತನ್ನ ಇಚ್ಛೆಯೇ ಹಾಕಿಕೊಂಡ ಸಂಕೋಲೆ ಗಟ್ಟಿ ಅಂತ ವಿವರಿಸಿದ. ಕೆಟ್ಟ ಆಸೆಗೆ ಮಣಿದರೆ ಅಭ್ಯಾಸ, ಅಭ್ಯಾಸವನ್ನು ತಡೆಯದಿದ್ದರೆ ಅದಿಲ್ಲದೆ ಆಗುವುದೇ ಇಲ್ಲ ಅನ್ನುವ ಸ್ಥಿತಿ.

ಕ್ರೈಸ್ತ ಚಿಂತನೆಯಲ್ಲಿ ಬಿಡುಗಡೆ ಅಂದರೆ ಮೊದಲು ಇದರಿಂದ ಬಿಡುಗಡೆ. ಈ ಮಾತಿನಲ್ಲಿ ನಿಜ ಇದೆ. ಅಪಾಯವೂ ಇದೆ, ಅದು ಮುಂದೆ ಬರುತ್ತದೆ.

ಸ್ವಾತಂತ್ರ್ಯ ಮತ್ತು ನಡತೆ ಎರಡೂ ಎದುರುಬದುರಾಗುವ ಜಾಗವನ್ನು ಹತ್ತಿರದಿಂದ ನೋಡಬೇಕಾದರೆ ಕೊರಿಂಥಕ್ಕೆ ಹೋಗಬೇಕು. ನನ್ನ ಪ್ರಕಾರ ಇಡೀ ವಿಷಯದ ಬೀಗದ ಕೈ ಇರುವುದು ಅಲ್ಲೇ, ಮಾಂಸದ ಜಗಳದಲ್ಲಿ.

ಕೊರಿಂಥ ಗ್ರೀಸಿನ ದೊಡ್ಡ ಬಂದರು ಪಟ್ಟಣ. ಪಟ್ಟಣದ ತುಂಬ ದೇವಾಲಯಗಳು. ಅಲ್ಲಿ ಬಲಿಕೊಟ್ಟ ಪ್ರಾಣಿಯ ಸ್ವಲ್ಪ ಭಾಗ ದೇವತೆಗೆ, ಉಳಿದದ್ದು ಊಟಕ್ಕೆ. ಅಲ್ಲಿನ ಅಸ್ಕ್ಲೇಪಿಯಸ್ ಎಂಬ ವೈದ್ಯದೇವತೆಯ ದೇವಾಲಯದ ಅವಶೇಷಗಳಲ್ಲಿ ಗೋಡೆಯುದ್ದಕ್ಕೂ ಒರಗಿ ಕೂರುವ ಆಸನಗಳಿದ್ದ ಊಟದ ಕೋಣೆಗಳು ಸಿಕ್ಕಿವೆ. ಹುಟ್ಟಿದ ದಿನ, ಕಾಯಿಲೆ ವಾಸಿಯಾದ ಸಂತೋಷ, ನೆಂಟರಿಷ್ಟರ ಕೂಟ, ಎಲ್ಲಕ್ಕೂ ಜನ ಸೇರುತ್ತಿದ್ದದ್ದು ಇಂಥ ಕಡೆ. ಹೀಗೆ ಅರ್ಪಿಸಿದ ಮಾಂಸ ಪೇಟೆಯ ಅಂಗಡಿಗೂ ಬರುತ್ತಿತ್ತು. ಕೊಳ್ಳುವವನಿಗೆ ಯಾವುದು ಯಾವುದು ಅಂತ ಗೊತ್ತಾಗುತ್ತಿರಲಿಲ್ಲ.

ಈಗ ಕ್ರೈಸ್ತರಾದವರು ಇದನ್ನು ತಿನ್ನಬಹುದಾ? ಅಲ್ಲಿನ ಸಭೆಯಲ್ಲಿ ಎರಡು ಗುಂಪಾಯಿತು. ವಿಗ್ರಹ ಅನ್ನುವುದು ಏನೂ ಅಲ್ಲ, ದೇವರು ಒಬ್ಬನೇ, ಹಾಗಾದ ಮೇಲೆ ಮಾಂಸ ಬರೀ ಮಾಂಸ, ತಿಂದರೇನು ಅಂದರು ಕೆಲವರು. ನಿನ್ನೆ ಮೊನ್ನೆಯವರೆಗೂ ಆ ದೇವತೆಗಳಿಗೆ ಕೈಮುಗಿದಿದ್ದ ಕೆಲವರಿಗೆ ಅದು ಗಂಟಲಲ್ಲಿ ಇಳಿಯಲಿಲ್ಲ. ಆ ಮಾಂಸ ತಿನ್ನುವುದು ಅಂದರೆ ಅವರ ಪಾಲಿಗೆ ಹಿಂದಕ್ಕೆ ಹೋಗಿ ಮತ್ತೆ ಪೂಜೆ ಮಾಡಿದ ಹಾಗೆ. ಪೌಲ ಇವರ ಮನಸ್ಸಾಕ್ಷಿಯನ್ನು ಬಲಹೀನ ಅಂದ.

ಅವರಿಗೆ ಬರೆದ ಪತ್ರದಲ್ಲಿ ಪೌಲ ಕೊಟ್ಟ ತೀರ್ಪು ಸ್ವಾರಸ್ಯವಾಗಿದೆ. ವಾದದಲ್ಲಿ ಗೆದ್ದವರು ಮೊದಲ ಗುಂಪಿನವರೇ. ವಿಗ್ರಹ ಏನೂ ಅಲ್ಲ ಅನ್ನುವುದನ್ನು ಅವನು ಒಪ್ಪುತ್ತಾನೆ. ಅಂಗಡಿಯಲ್ಲಿ ಮಾರುವುದನ್ನು ಏನೂ ವಿಚಾರಿಸದೆ ಕೊಂಡು ತಿನ್ನಿ ಅನ್ನುತ್ತಾನೆ. ನಂಬಿಕೆಯಿಲ್ಲದವರು ಊಟಕ್ಕೆ ಕರೆದರೆ ಹೋಗಿ, ಬಡಿಸಿದ್ದನ್ನು ತಿನ್ನಿ, ಪ್ರಶ್ನೆ ಬೇಡ. ಆದರೆ ಪಕ್ಕದಲ್ಲಿ ಕೂತವನು 'ಇದು ಅರ್ಪಿಸಿದ ಮಾಂಸ' ಅಂದರೆ ಬಿಟ್ಟುಬಿಡಿ. ನಿಮ್ಮ ಮನಸ್ಸಾಕ್ಷಿಗೋಸ್ಕರ ಅಲ್ಲ, ಅವನದಕ್ಕೋಸ್ಕರ. ದೇವಾಲಯದ ಕೋಣೆಯಲ್ಲೇ ಊಟಕ್ಕೆ ಕೂರುವ ವಿಷಯದಲ್ಲಿ ಮಾತ್ರ ಅವನು ಜಾಸ್ತಿ ಬಿಗಿ. ಅದು ಪೂಜೆಯಲ್ಲೇ ಪಾಲು ತೆಗೆದುಕೊಂಡ ಹಾಗೆ ಅನ್ನುತ್ತಾನೆ.

ಅಂದರೆ ಹಕ್ಕು ನಿಮ್ಮದೇ, ಹಕ್ಕು ಇದೆ ಅನ್ನುವುದೂ ಸರಿಯೇ, ಆದರೂ ಪಕ್ಕದವನಿಗೋಸ್ಕರ ಅದನ್ನು ಬಳಸದೆ ಇರಿ. ತನ್ನ ಸಹೋದರ ಎಡವುವುದಾದರೆ ತಾನು ಎಂದೆಂದಿಗೂ ಮಾಂಸ ತಿನ್ನುವುದಿಲ್ಲ ಅಂತಲೂ ಪೌಲ ಬರೆದ. ಬಿಟ್ಟುಕೊಡುವುದು ಯಾರು ಅನ್ನುವುದನ್ನು ಗಮನಿಸಿ. ಹಕ್ಕು ಇರುವವನು, ಬಲ ಇರುವವನು.

ಈ ಮಾತನ್ನು ಚರ್ಚುಗಳಲ್ಲಿ ಎಷ್ಟು ಕೆಡಿಸಿದ್ದಾರೆ ಅಂದರೆ ಹೇಳತೀರದು. ಯಾರಿಗೋ ಒಬ್ಬರಿಗೆ ನಿಮ್ಮ ಬಟ್ಟೆ ಇಷ್ಟವಾಗಲಿಲ್ಲ, ನೀವು ಹಾಡುವ ರೀತಿ ಇಷ್ಟವಾಗಲಿಲ್ಲ. 'ನಿಮ್ಮಿಂದ ನನಗೆ ವಿಘ್ನವಾಯಿತು' ಅಂದರೆ ಮುಗಿಯಿತು, ನೀವು ಬಿಡಬೇಕು. ಹೀಗೆ ಮಾಡಿದರೆ ಯಾರು ಬೇಗ ಮುಖ ಗಂಟಿಕ್ಕುತ್ತಾರೋ ಅವರದ್ದೇ ರಾಜ್ಯ. ಪೌಲನ ಚಿಂತೆ ಇನ್ನೊಬ್ಬರಿಗೆ ಬೇಸರವಾಗುತ್ತದೆ ಅನ್ನುವುದಲ್ಲ. ನಿಮ್ಮನ್ನು ನೋಡಿ ಅವನೂ ತಿನ್ನುತ್ತಾನೆ, ಆದರೆ ಅವನ ಒಳಗಿನ ದನಿ ಬೇಡ ಅನ್ನುತ್ತಲೇ ಇರುತ್ತದೆ. ತಾನು ತಪ್ಪು ಅಂತ ನಂಬಿದ್ದನ್ನು ನಿಮ್ಮ ಒತ್ತಾಯಕ್ಕೋ ನಾಚಿಕೆಗೋ ಮಾಡುತ್ತಾನೆ. ಆಗ ಅವನು ಒಳಗೆ ಮುರಿಯುತ್ತಾನೆ. ಅದು ಎಡವುವುದು. ಮುಖ ಗಂಟಿಕ್ಕಿಕೊಂಡು ಕೂತವನು ಎಲ್ಲೂ ಎಡವಿರುವುದಿಲ್ಲ, ತನ್ನ ಜಾಗದಲ್ಲಿ ಗಟ್ಟಿಯಾಗಿಯೇ ಕೂತಿರುತ್ತಾನೆ ಅಲ್ವಾ?

ಪೌಲನ ನಡತೆಯನ್ನು ನೋಡಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ತೀತನೆಂಬ ಗ್ರೀಕ್ ಜೊತೆಗಾರನಿಗೆ ಸುನ್ನತಿ ಆಗಲೇಬೇಕು ಅಂತ ಕೆಲವರು ಹಟ ಹಿಡಿದಾಗ ಅವನು ಒಂದು ಗಳಿಗೆಯೂ ಬಗ್ಗಲಿಲ್ಲ. ಆದರೆ ತಿಮೊಥೆಯನಿಗೆ ತಾನೇ ಸುನ್ನತಿ ಮಾಡಿಸಿದ ಅಂತ ಬೈಬಲಿನ 'ಅಪೊಸ್ತಲರ ಕೃತ್ಯಗಳು' ಪುಸ್ತಕದಲ್ಲಿದೆ. ತಿಮೊಥೆಯನ ತಾಯಿ ಯೆಹೂದಿ, ಹೋಗಬೇಕಿದ್ದ ಕಡೆಯೆಲ್ಲ ಯೆಹೂದಿಗಳಿದ್ದರು. ಮೇಲುನೋಟಕ್ಕೆ ಇದು ಇಬ್ಬಗೆ ನೀತಿ. ಆದರೆ ಒಂದು ಕಡೆ ರಕ್ಷಣೆಗೆ ಇದು ಷರತ್ತು ಅಂತ ಹೇರಲು ಬಂದರು, ಅಲ್ಲಿ ಬಿಟ್ಟುಕೊಟ್ಟರೆ ಸ್ವಾತಂತ್ರ್ಯವೇ ಹೋಗುತ್ತದೆ. ಇನ್ನೊಂದು ಕಡೆ ಯಾರೂ ಷರತ್ತು ಹಾಕಲಿಲ್ಲ, ಜನರ ನಡುವೆ ಹೋಗಲು ಅನುಕೂಲವಾಗಲಿ ಅಂತ ಇವರೇ ಬಿಟ್ಟುಕೊಟ್ಟರು. ಕೇಳಿ ಕಸಿದುಕೊಳ್ಳುವವರಿಗೆ ಕೊಡಲಿಲ್ಲ, ಅಷ್ಟೇ. ಅಂತಿಯೋಕ್ಯ ಪಟ್ಟಣದಲ್ಲಿ ಯೆಹೂದಿಗಳಲ್ಲದವರ ಜೊತೆ ಊಟ ಮಾಡುತ್ತಿದ್ದ ಯೇಸುವಿನ ಶಿಷ್ಯ ಪೇತ್ರ, ಯೆರೂಸಲೇಮಿನಿಂದ ಜನ ಬಂದರು ಅಂತ ಪಂಕ್ತಿ ಬಿಟ್ಟು ಎದ್ದಾಗ ಎಲ್ಲರ ಮುಂದೆ ಅವನಿಗೆ ಛೀಮಾರಿ ಹಾಕಿದವನೂ ಇದೇ ಪೌಲ.

ಇನ್ನು ಹದಿನೈದು ಶತಮಾನ ಹಾರಿ ಲೂಥರನ ಹತ್ತಿರ ಬರೋಣ. 1520ರಲ್ಲಿ, ಪೋಪರ ಅಧಿಕಾರವನ್ನು ಪ್ರಶ್ನಿಸಿ ಪ್ರಾಟೆಸ್ಟೆಂಟ್ ಪಂಥಕ್ಕೆ ದಾರಿ ಮಾಡಿದ ಜರ್ಮನಿಯ ಮಾರ್ಟಿನ್ ಲೂಥರ್ ಕ್ರೈಸ್ತನ ಸ್ವಾತಂತ್ರ್ಯದ ಬಗ್ಗೆ ಒಂದು ಸಣ್ಣ ಪುಸ್ತಕ ಬರೆದ. ಆರಂಭದಲ್ಲೇ ಎರಡು ಮಾತು ಇಡುತ್ತಾನೆ: ಕ್ರೈಸ್ತನು ಎಲ್ಲರಿಗಿಂತ ಸ್ವತಂತ್ರನಾದ ಒಡೆಯ, ಯಾರಿಗೂ ಅಧೀನನಲ್ಲ. ಕ್ರೈಸ್ತನು ಎಲ್ಲರಿಗೂ ಆಳು, ಎಲ್ಲರಿಗೂ ಅಧೀನ. ಪೌಲನ ಗಂಟನ್ನೇ ಎತ್ತಿ ಮೇಜಿನ ಮೇಲೆ ಇಟ್ಟ ಹಾಗಾಯಿತು.

ಲೂಥರನ ವಿವರಣೆ ಹೀಗೆ. ದೇವರ ಮೆಚ್ಚುಗೆ ಸಂಪಾದಿಸಲು ನಾನು ಒಳ್ಳೆಯ ಕೆಲಸ ಮಾಡಬೇಕು ಅಂತಿದ್ದರೆ, ನಾನು ಯಾರಿಗೆ ಸಹಾಯ ಮಾಡಿದರೂ ನನ್ನ ಕಣ್ಣು ನನ್ನ ಲೆಕ್ಕದ ಮೇಲೆಯೇ ಇರುತ್ತದೆ. ಹಸಿದವನಿಗೆ ಅನ್ನ ಕೊಟ್ಟೆ, ನನಗೆ ಇಷ್ಟು ಪುಣ್ಯ ಬಂತು. ಅಲ್ಲಿ ಹಸಿದವನು ನನ್ನ ಸ್ವರ್ಗದ ಏಣಿಗೆ ಒಂದು ಮೆಟ್ಟಿಲು. ಆದರೆ ದೇವರು ಆಗಲೇ, ಕೃಪೆಯಿಂದ, ಪುಕ್ಕಟೆಯಾಗಿ ನನ್ನನ್ನು ಒಪ್ಪಿಕೊಂಡಿದ್ದಾನೆ ಅಂದುಕೊಳ್ಳಿ. ಆಗ ನನಗೆ ಹಸಿದವನಿಂದ ಏನೂ ಆಗಬೇಕಿಲ್ಲ. ಹಸಿದವನಿಗೆ ಅನ್ನ ಕೊಡುವುದು ಅವನಿಗೆ ಹಸಿವಾಗಿದೆ ಅಂತ ಮಾತ್ರ. ಭಯ ಹೋದ ಮೇಲೆ ಒಳ್ಳೆಯತನಕ್ಕೆ ಮೊದಲ ಸಲ ಪಕ್ಕದವನು ಕಾಣಿಸುತ್ತಾನೆ.

ಇದಕ್ಕಿಂತ ಚೆನ್ನಾಗಿ ಈ ವಿಷಯವನ್ನು ವಿವರಿಸಿದ್ದನ್ನು ನಾನು ಓದಿಲ್ಲ. ಆದರೆ ಇದು ದಾರಿ ತಪ್ಪುವುದೂ ಸುಲಭ. ದೇವರು ಹೇಗೂ ಕ್ಷಮಿಸುತ್ತಾನೆ ಬಿಡಿ ಅಂತ ಕೃಪೆಯನ್ನು ಲೈಸೆನ್ಸ್ ಮಾಡಿಕೊಂಡವರು ಎಲ್ಲ ಕಾಲದಲ್ಲೂ ಇದ್ದಾರೆ. ಹಿಟ್ಲರನ ಜರ್ಮನಿಯಲ್ಲಿ, 1937ರಲ್ಲಿ, ಲೂಥರನ ಪರಂಪರೆಗೇ ಸೇರಿದ ಪಾದ್ರಿ ಡೀಟ್ರಿಷ್ ಬಾನ್‌ಹಾಫರ್ ಇದನ್ನು ಅಗ್ಗದ ಕೃಪೆ ಅಂತ ಕರೆದ. ಅವನನ್ನು 1945ರ ಏಪ್ರಿಲ್‌ನಲ್ಲಿ ನಾಜಿಗಳು ಗಲ್ಲಿಗೇರಿಸಿದರು.

ಮೇಲೆ ಹೇಳಿದ ಅಪಾಯ ಇನ್ನೊಂದು ಬಗೆಯದು. ಲೂಥರ್ ಪುಸ್ತಕ ಬರೆದ ಐದು ವರ್ಷಕ್ಕೆ, 1525ರಲ್ಲಿ, ದಕ್ಷಿಣ ಜರ್ಮನಿಯ ರೈತರು ಹನ್ನೆರಡು ಬೇಡಿಕೆಗಳ ಪಟ್ಟಿ ಮುಂದಿಟ್ಟರು. ಮೂರನೆಯದು ಜೀತದ ಬಗ್ಗೆ: ಕ್ರಿಸ್ತನು ತನ್ನ ರಕ್ತ ಸುರಿಸಿ ಕುರುಬನಿಂದ ಹಿಡಿದು ದೊಡ್ಡವರ ತನಕ ಎಲ್ಲರನ್ನೂ ಬಿಡಿಸಿರುವಾಗ ನಾವು ಒಡೆಯರ ಸ್ವತ್ತಾಗಿರುವುದು ಹೇಗೆ? ಲೂಥರನಿಗೆ ಇದು ಹಿಡಿಸಲಿಲ್ಲ. ಕ್ರೈಸ್ತನ ಸ್ವಾತಂತ್ರ್ಯ ಆತ್ಮಕ್ಕೆ ಸಂಬಂಧಿಸಿದ್ದು, ಅದನ್ನು ದೇಹಕ್ಕೆ ಎಳೆದು ತರಬೇಡಿ, ಜೀತದಾಳೂ ಕ್ರೈಸ್ತ ಸ್ವಾತಂತ್ರ್ಯ ಹೊಂದಿರಬಹುದು ಅಂದ. ದಂಗೆ ಜೋರಾದಾಗ ರೈತರನ್ನು ಹೊಡೆದು ಕೊಲ್ಲಿ ಅಂತ ಅರಸರಿಗೆ ಬರೆದ. ಇಲ್ಲಿ ನಾನು ರೈತರ ಕಡೆ. ಒಳಗಿನ ಬಿಡುಗಡೆ ದೊಡ್ಡದು ಅನ್ನುವುದು ನಿಜವಾದರೂ, ಆ ಮಾತನ್ನು ಒಡೆಯ ಆಳಿಗೆ ಹೇಳಿದಾಗ ಅದರ ಅರ್ಥವೇ ತಿರುಗಿ ಬೀಳುತ್ತದೆ. ಕೊರಿಂಥದಲ್ಲಿ ಬಿಟ್ಟುಕೊಡಬೇಕಾದವನು ಬಲಶಾಲಿ. ಇಲ್ಲಿ ಬಡವನಿಗೆ ನೀನೇ ಬಿಟ್ಟುಕೊಡು ಅನ್ನುತ್ತಿದ್ದಾರೆ.

ಗುಲಾಮಗಿರಿಯ ಚರಿತ್ರೆಯಲ್ಲಿ ಇದು ಇನ್ನೂ ನಾಚಿಕೆಗೇಡು. ದೀಕ್ಷಾಸ್ನಾನ ಪಡೆದು ಕ್ರೈಸ್ತನಾದ ಗುಲಾಮ ಸ್ವತಂತ್ರನಾಗುತ್ತಾನಾ ಅನ್ನುವ ಅನುಮಾನ ಅಮೆರಿಕಾದ ವರ್ಜೀನಿಯಾದ ಒಡೆಯರನ್ನು ಕಾಡುತ್ತಿತ್ತು. 1667ರಲ್ಲಿ ಅಲ್ಲಿನ ಶಾಸನಸಭೆ ಕಾನೂನು ಮಾಡಿ, ದೀಕ್ಷಾಸ್ನಾನದಿಂದ ಗುಲಾಮನ ಸ್ಥಿತಿ ಬದಲಾಗುವುದಿಲ್ಲ ಅಂತ ತೀರ್ಮಾನಿಸಿತು. ಆತ್ಮ ಬಿಡುಗಡೆಯಾಗಲಿ, ದೇಹ ಹೊಲದಲ್ಲೇ ಇರಲಿ ಅಂತ. ಬಾರ್ಬಡೋಸ್‌ನ ಕಾಡ್ರಿಂಗ್ಟನ್ ತೋಟ ಆಂಗ್ಲಿಕನ್ ಮಿಷನರಿ ಸೊಸೈಟಿಯೊಂದರ ಆಸ್ತಿಯಾಗಿತ್ತು. ಅಲ್ಲಿನ ಗುಲಾಮರ ಎದೆಯ ಮೇಲೆ 'ಸೊಸೈಟಿ' ಅಂತ ಬರೆಯಲು ಕಾದ ಕಬ್ಬಿಣ ಬಳಸಿದರು. ಅದೇ ಬೈಬಲನ್ನು ಓದಿದ ಬೇರೆ ಜನರೂ ಇದ್ದರು. 1688ರಲ್ಲಿ ಪೆನ್ಸಿಲ್ವೇನಿಯಾದ ಜರ್ಮನ್‌ಟೌನ್‌ನಲ್ಲಿ ನಾಲ್ವರು ಸಹಿ ಹಾಕಿದ ಮನವಿಯೊಂದು, ಬೇರೆಯವರು ನಮಗೆ ಏನು ಮಾಡಬೇಕೆಂದು ಬಯಸುತ್ತೇವೋ ಅದನ್ನೇ ನಾವು ಅವರಿಗೆ ಮಾಡಬೇಕು ಅನ್ನುವ ಯೇಸುವಿನ ಮಾತನ್ನೇ ಹಿಡಿದು ಗುಲಾಮಗಿರಿಯನ್ನು ಪ್ರಶ್ನಿಸಿತು. ಅದನ್ನು ಮುಂದಿಟ್ಟದ್ದು ಕ್ವೇಕರ್ ಎಂಬ ಕ್ರೈಸ್ತ ಪಂಗಡದ ಸಭೆಗಳ ಮುಂದೆ. ಇದು ನಮ್ಮಿಂದ ತೀರ್ಮಾನವಾಗುವುದಲ್ಲ ಅಂತ ಅವರು ಪಕ್ಕಕ್ಕಿಟ್ಟರು. ಫಿಲಡೆಲ್ಫಿಯಾದ ಕ್ವೇಕರರು ಗುಲಾಮರನ್ನು ಇಟ್ಟುಕೊಂಡವರಿಗೆ ತಮ್ಮಲ್ಲಿ ಜಾಗವಿಲ್ಲ ಅಂದದ್ದು 1776ರಲ್ಲಿ.

ಹಾಗಾದರೆ ಕಾನೂನಿನ ಬಲದಿಂದ ಜನರನ್ನು ಒಳ್ಳೆಯವರನ್ನಾಗಿ ಮಾಡಬಹುದಾ? ನಂಬಿಕೆಯನ್ನು ಹೇರಬಹುದಾ? ಸುಮಾರು 212ರಲ್ಲಿ, ಕ್ರೈಸ್ತರೇ ಹಿಂಸೆಗೆ ಸಿಕ್ಕಿದ್ದ ಕಾಲದಲ್ಲಿ, ತೆರ್ತುಲಿಯನ್ ಅನ್ನುವ ಕ್ರೈಸ್ತ ಬರಹಗಾರ ರೋಮನ್ ಅಧಿಕಾರಿಗೆ ಬರೆದಿದ್ದ: ಧರ್ಮವನ್ನು ಬಲವಂತ ಮಾಡುವುದು ಧರ್ಮದ ಕೆಲಸವಲ್ಲ. 313ರಲ್ಲಿ ಹಿಂಸೆ ನಿಂತಿತು. 380ರಲ್ಲಿ ಕ್ರೈಸ್ತ ನಂಬಿಕೆಯೇ ಸಾಮ್ರಾಜ್ಯದ ಧರ್ಮವಾಯಿತು. ಅಲ್ಲಿಂದ ಐದಾರು ವರ್ಷದೊಳಗೆ ತಪ್ಪು ಬೋಧನೆಯ ಆಪಾದನೆ ಹೊತ್ತ ಪ್ರಿಸಿಲಿಯನ್ ಅನ್ನುವ ಬಿಷಪನ ತಲೆಯನ್ನು ಕ್ರೈಸ್ತ ಚಕ್ರವರ್ತಿಯೇ ತೆಗೆಸಿದ. ತೂರ್‌ನ ಮಾರ್ಟಿನ್ ಎಂಬ ಬಿಷಪ್ ಬೇಡ ಅಂತ ಅಂಗಲಾಚಿದ್ದ. ಅಧಿಕಾರ ಕೈಗೆ ಬಂದರೆ ವಾದ ಎಷ್ಟು ಬೇಗ ಬದಲಾಗುತ್ತದೆ ನೋಡಿ. ಬಲವಂತದ ನಂಬಿಕೆಗೆ ಬೆಲೆಯಿಲ್ಲ ಅನ್ನುತ್ತಿದ್ದ ಆಗಸ್ಟೀನನೂ ಕೊನೆಗೆ, ಒತ್ತಾಯದಿಂದಾದರೂ ಒಳಗೆ ಬರಲಿ ಅನ್ನುವ ಕಡೆಗೆ ವಾಲಿದ. 1553ರಲ್ಲಿ ಜಿನೀವಾದಲ್ಲಿ ತ್ರಿಯೇಕತ್ವವನ್ನು (ಒಬ್ಬನೇ ದೇವರು ತಂದೆ, ಮಗ, ಪವಿತ್ರಾತ್ಮ ಎಂಬ ಮೂವರಾಗಿ ಇದ್ದಾನೆ ಅನ್ನುವುದನ್ನು) ಒಪ್ಪದ ಮಿಗೆಲ್ ಸರ್ವೇಟಸ್‌ನನ್ನು ಸುಟ್ಟದ್ದು ಪ್ರಾಟೆಸ್ಟೆಂಟರು. ಮನುಷ್ಯನನ್ನು ಕೊಲ್ಲುವುದು ಸಿದ್ಧಾಂತವನ್ನು ಕಾಪಾಡಿದ ಹಾಗಲ್ಲ, ಮನುಷ್ಯನನ್ನು ಕೊಂದ ಹಾಗೆ ಅಷ್ಟೇ ಅಂತ ಇದಕ್ಕೆ ಉತ್ತರ ಬರೆದ ಕ್ಯಾಸ್ಟೆಲಿಯೋ ಕೂಡ ಪ್ರಾಟೆಸ್ಟೆಂಟನೇ.

ಹದಿಮೂರನೇ ಶತಮಾನದ ದೇವತಾಶಾಸ್ತ್ರಜ್ಞ ತೋಮಸ್ ಅಕ್ವೈನಸ್‌ನದು ಇಲ್ಲಿ ಒಂದು ವಿಚಿತ್ರ ಸ್ಥಾನ. ತಪ್ಪು ತಿಳಿದುಕೊಂಡಿರುವ ಮನಸ್ಸಾಕ್ಷಿಯೂ ಮನುಷ್ಯನನ್ನು ಕಟ್ಟಿಹಾಕುತ್ತದೆ ಅಂದವನು ಅವನು. ಕ್ರಿಸ್ತನನ್ನು ನಂಬುವುದು ಕೆಟ್ಟದ್ದು ಅಂತ ಒಬ್ಬನಿಗೆ ಪ್ರಾಮಾಣಿಕವಾಗಿ ಅನಿಸಿದ್ದರೆ, ಹಾಗಿದ್ದೂ ನಂಬಲು ಹೋದರೆ ಅದು ಅವನಿಗೆ ಪಾಪ ಅನ್ನುವವರೆಗೂ ಹೋಗುತ್ತಾನೆ. ಮನುಷ್ಯರ ಕಾನೂನು ಎಲ್ಲ ದುರ್ಗುಣಗಳನ್ನೂ ನಿಷೇಧಿಸಬಾರದು, ಬಹುಪಾಲು ಜನರಿಂದ ಬಿಡಲು ಆಗುವಂಥ ದೊಡ್ಡ ತಪ್ಪುಗಳನ್ನು, ಅದರಲ್ಲೂ ಬೇರೆಯವರಿಗೆ ಕೇಡು ಮಾಡುವಂಥವನ್ನು ಮಾತ್ರ ತಡೆಯಬೇಕು ಅಂತಲೂ ಬರೆದ. ಇಷ್ಟು ಬರೆದವನೇ, ಚರ್ಚಿನ ಬೋಧನೆ ಬಿಟ್ಟುಹೋದ ಪಾಷಂಡಿಗಳಿಗೆ ಮರಣದಂಡನೆ ಸರಿ ಅಂದ. ಒಂದೇ ತಲೆಯಲ್ಲಿ ಎರಡೂ ಇದ್ದವು. ಅವನನ್ನು ದೊಡ್ಡ ಗುರು ಅಂತ ಒಪ್ಪಿಕೊಂಡ ಕ್ಯಾಥೊಲಿಕ್ ಚರ್ಚ್, 1965ರ ಡಿಸೆಂಬರಿನಲ್ಲಿ ಬಿಷಪರು ಸೇರಿದ್ದ ಎರಡನೇ ವ್ಯಾಟಿಕನ್ ಮಹಾಸಭೆಯಲ್ಲಿ, ಧಾರ್ಮಿಕ ಸ್ವಾತಂತ್ರ್ಯ ಪ್ರತಿ ಮನುಷ್ಯನ ಹಕ್ಕು ಅಂತ ಘೋಷಿಸಿತು. ಪರವಾಗಿ 2,308 ಮತ, ವಿರುದ್ಧ 70. ಅಮೆರಿಕಾದಲ್ಲಿ ರೋಜರ್ ವಿಲಿಯಮ್ಸ್ ಅನ್ನುವ ಪ್ಯೂರಿಟನ್ ಬೋಧಕ ಇದೇ ಮಾತಿಗೆ ಗಡೀಪಾರಾಗಿ, 1636ರಲ್ಲಿ ಪ್ರಾವಿಡೆನ್ಸ್ ಪಟ್ಟಣ ಕಟ್ಟಿ, ಅಲ್ಲಿ ಎಲ್ಲ ನಂಬಿಕೆಯವರಿಗೂ ಜಾಗ ಕೊಟ್ಟು ಮೂರು ಶತಮಾನವೇ ಕಳೆದಿತ್ತು.

ಇವತ್ತಿನ ಜಗಳಗಳಲ್ಲಿ 'ನನ್ನ ಮನಸ್ಸಾಕ್ಷಿ ಒಪ್ಪುವುದಿಲ್ಲ' ಅನ್ನುವ ಮಾತು ಆಗಾಗ ಕೇಳಿಬರುತ್ತದೆ. ಗೌರವ ಕೊಡಬೇಕಾದ ಮಾತೇ. ಆದರೆ ಅದನ್ನು ಕೇಳಿದಾಗಲೆಲ್ಲ ನಾನು ಕೊರಿಂಥದ ಊಟವನ್ನು ನೆನೆದು ಒಂದು ವಿಷಯ ನೋಡುತ್ತೇನೆ: ನಷ್ಟ ಯಾರಿಗೆ? ಆಸ್ಟ್ರಿಯಾದ ಸಾಂಕ್ಟ್ ರಾಡೆಗುಂಡ್ ಹಳ್ಳಿಯ ರೈತ ಫ್ರಾನ್ಸ್ ಯೇಗರ್‌ಸ್ಟೆಟರ್ ಹಿಟ್ಲರನ ಸೈನ್ಯದಲ್ಲಿ ಹೋರಾಡಲು ಒಪ್ಪಲಿಲ್ಲ. ಮನೆಯಲ್ಲಿ ಹೆಂಡತಿ, ಮೂರು ಪುಟ್ಟ ಹೆಣ್ಣುಮಕ್ಕಳು. ಹೋಗಿ ಕೇಳಿದರೆ ಅವನ ಬಿಷಪ್ಪೇ ಸಂಸಾರದ ಕಡೆ ನೋಡು ಅಂತ ಬುದ್ಧಿ ಹೇಳಿದರು. ಅವನ ಊರಿನ ಎಷ್ಟೋ ಗಂಡಸರು ಅದೇ ಚರ್ಚಿಗೆ ಹೋಗುವವರು, ಸೈನ್ಯಕ್ಕೂ ಹೋದರು. 1943ರ ಆಗಸ್ಟ್ 9ರಂದು ಅವನ ತಲೆ ಕಡಿದರು. ಅವನ ಸಂಸಾರವೂ ಅದರ ಪಾಲನ್ನು ತೆತ್ತಿತು, ಅದನ್ನು ಮರೆಮಾಚಬಾರದು. ಯುದ್ಧ ಮುಗಿದ ಮೇಲೂ ಅವನ ಹೆಂಡತಿ ಊರವರಿಂದ ಮಾತು ಕೇಳಬೇಕಾಯಿತು. 2007ರಲ್ಲಿ ಚರ್ಚ್ ಅವನನ್ನು ಧನ್ಯ (ಸಂತ ಪದವಿಗೆ ಹಿಂದಿನ ಮೆಟ್ಟಿಲು) ಅಂತ ಘೋಷಿಸಿದಾಗ ಆಕೆ ಇನ್ನೂ ಬದುಕಿದ್ದರು.

ಇದರ ಪಕ್ಕದಲ್ಲಿ, ತನ್ನ ಮನಸ್ಸಾಕ್ಷಿಯ ಹೆಸರು ಹೇಳಿ ಇನ್ನೊಬ್ಬರಿಗೆ ಕೆಲಸ, ಮನೆ, ಔಷಧಿ ಕೊಡುವುದಿಲ್ಲ ಅನ್ನುವವನನ್ನು ಇಟ್ಟು ನೋಡಿ. ಅವನ ಮಾತು ಸುಳ್ಳೇ ಆಗಿರಬೇಕಿಲ್ಲ, ಒಳಗೆ ನಿಜವಾಗಿಯೂ ಹಾಗೆ ಅನಿಸಿರಬಹುದು. ಆದರೆ ಇಲ್ಲಿ ಬಿಟ್ಟುಕೊಡಬೇಕಾಗಿ ಬಂದಿರುವುದು ಎದುರಿಗೆ ನಿಂತವನು, ಅದೂ ಕೈ ಕೆಳಗಾಗಿರುವವನು. ಅಂಥವನ ಮಾತಿಗೆ ಪೌಲನ ಪತ್ರಗಳಲ್ಲಿ ಆಧಾರ ಹುಡುಕಿದರೆ ನನಗೆ ಸಿಗುವುದಿಲ್ಲ.